ಬಾಯಿಯ ಬಿಳಿ ಗೆರೆ, ಚರ್ಮದ ನೇರಳೆ ಗುಳ್ಳೆ: ಲೈಕೆನ್ ಪ್ಲಾನಸ್ ರೋಗದ ಪರಿಚಯ



ಕೊಳೆರೋಗ, ಎಲೆಚುಕ್ಕೆ, ಎಲೆತುಕ್ಕು, ಬಿಳಿ ಕಾಂಡಕೊರಕ ಇವುಗಳ ವಿಷಯದಲ್ಲಿ ಈ ಪುಟಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಅಡಿಕೆ ಸೋಗೆಯ ಮೇಲೆ ನಾಲ್ಕು ಚುಕ್ಕೆ ಕಂಡರೆ ಮರುದಿನವೇ ಅದನ್ನು ಕತ್ತರಿಸಿಕೊಂಡು ಸಂಘದ ಕಚೇರಿಗೆ ಬರುವ ಬೆಳೆಗಾರರು ನಾವು. ಆದರೆ ನಮ್ಮ ಬಾಯೊಳಗೆ ಆರು ತಿಂಗಳಿಂದ ಒಂದು ಬಿಳಿ ಮಚ್ಚೆ ಇದ್ದರೂ ಕನ್ನಡಿ ಹಿಡಿದು ನೋಡುವ ಅಭ್ಯಾಸ ನಮಗಿಲ್ಲ. ಖಾರ ತಾಗಿ ಉರಿದರೆ "ಉಷ್ಣ" ಎನ್ನುತ್ತೇವೆ. ಮೈಮೇಲೆ ತುರಿಕೆ ಎದ್ದರೆ "ನಂಜು" ಎನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಚರ್ಮ ಮತ್ತು ಬಾಯಿ ಎರಡರಲ್ಲೂ ಕಾಣಿಸಿಕೊಂಡು, ವರ್ಷಗಟ್ಟಲೆ ಜೊತೆಗಿರುವ ಲೈಕೆನ್ ಪ್ಲಾನಸ್ ಎಂಬ ರೋಗದ ವಿಚಾರವನ್ನು ಈ ಸಲ ತಿಳಿದುಕೊಳ್ಳೋಣ. ಇದು ಅಪರೂಪದ ರೋಗವಲ್ಲ. ಪ್ರಪಂಚದಲ್ಲಿ ನೂರು ವಯಸ್ಕರಲ್ಲಿ ಸುಮಾರು ಒಬ್ಬರ ಬಾಯಿಯಲ್ಲಿ ಇದು ಇರುತ್ತದೆಂಬ ಅಂದಾಜಿದೆ. ಹೆಚ್ಚಾಗಿ 30ರಿಂದ 60 ವರ್ಷದ ಒಳಗಿನವರಿಗೆ ಬರುತ್ತದೆ. ಬಾಯಿಯ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಡಿಕೆ ಬೆಳೆಯುವ, ಎಲೆಯಡಿಕೆ ಹಾಕುವ ಸೀಮೆಯವರಾದ ನಾವು ಇದನ್ನು ತಿಳಿಯಬೇಕಾದದ್ದಕ್ಕೆ ಇನ್ನೊಂದು ವಿಶೇಷ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಹೆಸರಿನ ಹಿನ್ನೆಲೆ

ಲೈಕೆನ್ ಎಂದರೆ ಮಲೆನಾಡಿನ ಎಲ್ಲರಿಗೂ ಗೊತ್ತಿರುವ ವಸ್ತು. ಸಿಲ್ವರ್ ಓಕ್ ಬೊಡ್ಡೆಯ ಮೇಲೆ, ಅಡಿಕೆ ಮರದ ಕಾಂಡದ ಮೇಲೆ, ಕಾಡುಬಂಡೆಯ ಮೇಲೆ ಬೂದು ಹಸಿರು ಬಣ್ಣದಲ್ಲಿ ಹರಡಿಕೊಂಡಿರುವ ಕಲ್ಲುಹೂವಿನ ಜಾತಿಯದು. ಪ್ಲಾನಸ್ ಎಂದರೆ ಚಪ್ಪಟೆ. ಇಂಗ್ಲೆಂಡಿನ ಚರ್ಮವೈದ್ಯ ಇರಾಸ್ಮಸ್ ವಿಲ್ಸನ್ ಎಂಬವರು 1869ರಲ್ಲಿ ಈ ರೋಗವನ್ನು ವಿವರಿಸಿ ಹೆಸರಿಟ್ಟರು. ಮರದ ಮೇಲಿನ ಕಲ್ಲುಹೂವಿನಂತೆ ಚಪ್ಪಟೆಯಾಗಿ ಹರಡಿ ಕಾಣುತ್ತದೆಂಬ ಹೋಲಿಕೆ ಮಾತ್ರ ಈ ಹೆಸರಿನಲ್ಲಿದೆ. ರೋಗಿಯ ಮೈಮೇಲೆ ಯಾವ ಹಾವಸೆಯೂ, ಶಿಲೀಂಧ್ರವೂ ಬೆಳೆಯುವುದಿಲ್ಲ. ಆದುದರಿಂದ ಇದು ಅಂಟುವ ರೋಗವಲ್ಲ. ಮುಟ್ಟಿದರೆ ಬಾರದು; ಒಂದೇ ಲೋಟದಲ್ಲಿ ನೀರು ಕುಡಿದರೆ ಬಾರದು; ಗಂಡನಿಂದ ಹೆಂಡತಿಗಾಗಲಿ, ತಾಯಿಯಿಂದ ಮಗುವಿಗಾಗಲಿ ಹರಡದು.

ತೋಟದ ಕೆಲಸಕ್ಕೆ ಬರುವವರಲ್ಲಿ ಯಾರಿಗಾದರೂ ಕೈಕಾಲಿನ ಮೇಲೆ ಇಂತಹ ಗುಳ್ಳೆಗಳಿದ್ದರೆ ಅವರನ್ನು ದೂರ ಕೂರಿಸುವುದು, ಬೇರೆ ತಟ್ಟೆ ಲೋಟ ಇಡುವುದು ಅಲ್ಲಲ್ಲಿ ನಡೆಯುತ್ತದೆ. ಇದಕ್ಕೆ ಯಾವ ಆಧಾರವೂ ಇಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ದೇಹದೊಳಗೆ ಆಗುವುದೇನು?

ನಮ್ಮ ರಕ್ತದಲ್ಲಿ ಹೊರಗಿನ ರೋಗಾಣುಗಳನ್ನು ಗುರುತಿಸಿ ಕೊಲ್ಲುವ ಬಿಳಿ ರಕ್ತಕಣಗಳಿವೆ. ತೋಟಕ್ಕೆ ಬೇಲಿ ಇದ್ದಂತೆ ಶರೀರಕ್ಕೆ ಇವು. ಅವುಗಳಲ್ಲಿ ಟಿ ಕಣಗಳೆಂಬ ಒಂದು ವರ್ಗ, ಯಾವುದೋ ಕಾರಣದಿಂದ ಚರ್ಮದ ಮತ್ತು ಬಾಯಿಯ ಒಳಪೊರೆಯ ತಳದ ಸಾಲಿನಲ್ಲಿರುವ ಸ್ವಂತ ಜೀವಕೋಶಗಳನ್ನೇ ಪರಕೀಯವೆಂದು ಭಾವಿಸಿ ಮುತ್ತಿಗೆ ಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅದೇ ಸ್ಥಿತಿ. ಇಂತಹ ರೋಗಗಳಿಗೆ ಸ್ವಯಂ ನಿರೋಧಕ ರೋಗಗಳೆಂದು ಹೆಸರು.

ಮುತ್ತಿಗೆ ಏಕೆ ಆರಂಭವಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಆದರೆ ಕೆಲವು ಪ್ರೇರಣೆಗಳನ್ನು ವೈದ್ಯರು ಗುರುತಿಸಿದ್ದಾರೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮಲೇರಿಯಾ ಔಷಧಿಗಳು, ಕೆಲವು ನೋವಿನ ಮಾತ್ರೆಗಳು ಇದೇ ರೀತಿಯ ಗುಳ್ಳೆಗಳನ್ನೂ ಬಾಯಿಯ ಗೆರೆಗಳನ್ನೂ ಎಬ್ಬಿಸಬಲ್ಲವು. ಹಲ್ಲಿನ ಕುಳಿಗೆ ತುಂಬಿದ ಬೆಳ್ಳಿಬಣ್ಣದ ಪಾದರಸ ಮಿಶ್ರಣಕ್ಕೆ ತಾಗಿಕೊಂಡಿರುವ ಕೆನ್ನೆಯ ಭಾಗದಲ್ಲಿ ಮಾತ್ರ ಮಚ್ಚೆ ಕಾಣುವುದೂ ಉಂಟು. ಕೆಲವು ದೇಶಗಳಲ್ಲಿ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕಿಗೂ ಇದಕ್ಕೂ ಸಂಬಂಧ ಕಂಡುಬಂದಿರುವುದರಿಂದ ವೈದ್ಯರು ಅದಕ್ಕಾಗಿ ರಕ್ತಪರೀಕ್ಷೆ ಹೇಳಬಹುದು. ಮನಸ್ಸಿನ ಚಿಂತೆಯಿಂದ ಇರುವ ರೋಗ ಕೆರಳುತ್ತದೆಂದು ಅನೇಕ ರೋಗಿಗಳು ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ರಕ್ತದೊತ್ತಡದ ಮಾತ್ರೆಯಿಂದ ಬಂದಿರಬಹುದೆಂದು ಓದಿ, ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು, ಯಾವ ತಿಂಗಳಿಂದ ಆರಂಭಿಸಿದಿರಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿರಿ. ಬದಲಿಸಬೇಕಾದರೆ ಅವರೇ ಬದಲಿಸುತ್ತಾರೆ.

ಚರ್ಮದ ಮೇಲಿನ ಲಕ್ಷಣಗಳು

ಮಣಿಕಟ್ಟಿನ ಒಳಭಾಗ, ಮುಂಗೈ, ಕಾಲಿನ ಹರಡು, ಮೊಣಕಾಲಿನ ಕೆಳಗೆ, ಸೊಂಟದ ಹಿಂಭಾಗ, ಇವು ರೋಗ ಮೊದಲು ತಲೆದೋರುವ ಸ್ಥಳಗಳು. ಚಿಕ್ಕ, ಗಟ್ಟಿಯಾದ, ಮೇಲ್ಭಾಗ ಚಪ್ಪಟೆಯಾದ, ಹೊಳಪುಳ್ಳ ಗುಳ್ಳೆಗಳು ಏಳುತ್ತವೆ. ನಮ್ಮ ಬಣ್ಣದವರಲ್ಲಿ ನೇರಳೆ ಅಥವಾ ಕಂದು ಛಾಯೆ ಇರುತ್ತದೆ. ತುರಿಕೆ ವಿಪರೀತ. ಗುಳ್ಳೆಯ ಮೇಲೆ ಒಂದು ಹನಿ ಎಣ್ಣೆ ಸವರಿ ಭೂತಗನ್ನಡಿಯಿಂದ ನೋಡಿದರೆ ಜೇಡರ ಬಲೆಯಂತಹ ಸಣ್ಣ ಬಿಳಿ ಗೆರೆಗಳು ಕಾಣುತ್ತವೆ. ಫ್ರಾನ್ಸಿನ ವೈದ್ಯ ವಿಕ್‌ಹ್ಯಾಮ್ 1895ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಇವಕ್ಕೆ ವಿಕ್‌ಹ್ಯಾಮ್ ಗೆರೆಗಳೆಂದೇ ಹೆಸರು ಬಂದಿದೆ.

ಇನ್ನೊಂದು ವಿಚಿತ್ರ ಗುಣವನ್ನು ತೋಟದಲ್ಲಿ ದುಡಿಯುವವರು ವಿಶೇಷವಾಗಿ ಗಮನಿಸಬೇಕು. ರೋಗ ಚುರುಕಾಗಿರುವಾಗ ಚರ್ಮ ಎಲ್ಲಿ ಗೀರುತ್ತದೋ ಅಲ್ಲಿ, ಆ ಗೀರಿನ ಉದ್ದಕ್ಕೆ ಸಾಲಾಗಿ ಹೊಸ ಗುಳ್ಳೆಗಳು ಏಳುತ್ತವೆ. ಕಾಫಿ ಗಿಡದ ಚಿಗುರು ತೆಗೆಯುವಾಗ ರೆಕ್ಕೆ ತರಚಿದ ಗೆರೆ, ಉಂಬಳ ಕಚ್ಚಿದ ಜಾಗವನ್ನು ಕೆರೆದ ಗುರುತು, ಮುಳ್ಳು ಗೀರಿದ ಜಾಗ, ಇವೆಲ್ಲ ಹೊಸ ರೋಗಕ್ಕೆ ದಾರಿಯಾಗುತ್ತವೆ. ಕೆರೆದಷ್ಟೂ ಹೆಚ್ಚುತ್ತದೆ ಎನ್ನುವುದು ಈ ರೋಗದಲ್ಲಿ ಅಕ್ಷರಶಃ ಸತ್ಯ.

ಸಮಾಧಾನದ ಸಂಗತಿಯೆಂದರೆ, ಚರ್ಮದ ರೋಗ ಬಹುಮಂದಿಯಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿದ ಜಾಗದಲ್ಲಿ ಕಪ್ಪು ಕಲೆ ಉಳಿದು, ಅದು ಮಾಸಲು ತಿಂಗಳುಗಳೇ ಬೇಕು. ಗುಳ್ಳೆ ಚಪ್ಪಟೆಯಾಗಿ, ತುರಿಕೆ ನಿಂತು, ಕಪ್ಪು ಮಾತ್ರ ಉಳಿದಿದ್ದರೆ ರೋಗ ಆರಿದೆ ಎಂದೇ ಅರ್ಥ. ಆ ಕಪ್ಪನ್ನು ತೆಗೆಯಲೆಂದು ಅಂಗಡಿಯ ಮುಲಾಮುಗಳನ್ನು ತಿಕ್ಕುವ ಅಗತ್ಯವಿಲ್ಲ.

ತಲೆಯ ಚರ್ಮಕ್ಕೆ ಬಂದಾಗ ಮಾತ್ರ ಸಾವಕಾಶ ಮಾಡುವಂತಿಲ್ಲ. ಕೂದಲಿನ ಬುಡವೇ ನಾಶವಾಗಿ, ಉದುರಿದ ಜಾಗದಲ್ಲಿ ಮತ್ತೆ ಕೂದಲು ಬಾರದು. ಉಗುರಿಗೆ ಬಂದರೆ ಉಗುರು ತೆಳುವಾಗಿ ಉದ್ದುದ್ದ ಗೀರು ಬೀಳುತ್ತದೆ; ನಿರ್ಲಕ್ಷಿಸಿದರೆ ಉಗುರೇ ಹೋಗಬಹುದು.

ಬಾಯಿಯೊಳಗಿನ ಲಕ್ಷಣಗಳು

ಚರ್ಮದಲ್ಲಿ ಏನೂ ಇಲ್ಲದೆ ಬಾಯಿಯಲ್ಲಿ ಮಾತ್ರ ರೋಗವಿರುವುದು ಸಾಮಾನ್ಯ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಜಾಲರಿಯಂತಹ ಬಿಳಿ ಗೆರೆಗಳು. ಎರಡೂ ಕೆನ್ನೆಗಳ ಒಳಭಾಗದಲ್ಲಿ, ದವಡೆ ಹಲ್ಲುಗಳ ಎದುರಿಗೆ, ಎಡಕ್ಕೂ ಬಲಕ್ಕೂ ಜೋಡಿಯಾಗಿ ಕಾಣುವುದು ಇದರ ಗುರುತು. ಬಟ್ಟೆಯಿಂದ ಒರೆಸಿದರೆ ಹೋಗುವುದಿಲ್ಲ. ಇದರಿಂದ ನೋವಿರುವುದಿಲ್ಲ, ಹಲ್ಲು ತೋರಿಸಲು ಹೋದಾಗ ದಂತವೈದ್ಯರ ಕಣ್ಣಿಗೇ ಮೊದಲು ಬೀಳುವುದುಂಟು.

ಎರಡನೆಯದು ಕೆಂಪಾಗಿ ಪೊರೆ ಸವೆದು ಹುಣ್ಣಾಗುವ ಬಗೆ. ಕೆನ್ನೆ, ನಾಲಗೆಯ ಅಂಚು, ವಸಡು ಇವು ಕೆಂಪಾಗಿ ಸುಲಿದಂತಾಗುತ್ತವೆ. ಸಾರು, ಉಪ್ಪಿನಕಾಯಿ, ಬಿಸಿ ಕಾಫಿ ಯಾವುದೂ ತಾಗುವಂತಿಲ್ಲ. ಊಟವೆಂದರೆ ಭಯ ಪಡುವ ಸ್ಥಿತಿ. ಬಾಯಿಯ ರೋಗ ಚರ್ಮದ ರೋಗದಂತೆ ಬೇಗ ಬಿಟ್ಟುಹೋಗುವುದಿಲ್ಲ; ಏರುತ್ತಾ ಇಳಿಯುತ್ತಾ ಹತ್ತು ಹದಿನೈದು ವರ್ಷ ಇರಬಹುದು.

ಹೆಂಗಸರಲ್ಲಿ ಬಾಯಿಯ ರೋಗದ ಜೊತೆಗೆ ಗುಹ್ಯಭಾಗದಲ್ಲೂ ಇದೇ ಬಗೆಯ ಉರಿ, ಹುಣ್ಣು ಬರುವುದುಂಟು. ಸಂಕೋಚದಿಂದ ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸುವವರಿದ್ದಾರೆ. ಎರಡೂ ಒಂದೇ ರೋಗದ ಎರಡು ಮುಖಗಳೆಂದು ತಿಳಿದು, ಮಹಿಳಾ ವೈದ್ಯರ ಬಳಿಯಾದರೂ ಹೇಳಿಕೊಳ್ಳುವುದು ಅವಶ್ಯ. ತಡವಾದರೆ ಅಲ್ಲಿ ಕಲೆಗಟ್ಟಿ ಶಾಶ್ವತ ತೊಂದರೆಯಾಗುತ್ತದೆ.

ಇದರಂತೆಯೇ ಕಾಣುವ ಬೇರೆ ತೊಂದರೆಗಳು

ಎಲೆ ಹಳದಿಯಾದದ್ದೆಲ್ಲ ಒಂದೇ ರೋಗವಲ್ಲವೆಂದು ನಮಗೆ ಗೊತ್ತು. ಬಾಯಿಯ ಬಿಳುಪೂ ಹಾಗೆಯೇ. ಸ್ಥೂಲವಾಗಿ ಹೀಗೆ ಬೇರ್ಪಡಿಸಬಹುದು:

1. ಸಾಮಾನ್ಯ ಬಾಯಿಹುಣ್ಣು: ಚಿಕ್ಕದು, ಗುಂಡಗಿನದು, ಬಹಳ ನೋವು. ಹತ್ತು ಹದಿನಾಲ್ಕು ದಿನಗಳಲ್ಲಿ ಮಾಯುತ್ತದೆ.

2. ಬೂಷ್ಟು ಸೋಂಕು: ಮೊಸರಿನ ಕೆನೆಯಂತಹ ಬಿಳಿ ಪದರ. ಒರೆಸಿದರೆ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಕಟ್ಟುಹಲ್ಲು ಹಾಕುವವರಲ್ಲಿ ಹೆಚ್ಚು.

3. ಲ್ಯೂಕೋಪ್ಲೇಕಿಯಾ: ಒರೆಸಿದರೆ ಹೋಗದ ದಪ್ಪ ಬಿಳಿ ಮಚ್ಚೆ. ಹೊಗೆಸೊಪ್ಪು ಬಳಸುವವರಲ್ಲಿ ಹೆಚ್ಚು. ಕ್ಯಾನ್ಸರಿಗೆ ತಿರುಗಬಹುದು.

4. ಕವಳ ಇಟ್ಟುಕೊಳ್ಳುವ ಜಾಗದ ಗೆರೆ: ಲೈಕೆನ್ ಪ್ಲಾನಸ್ಸನ್ನೇ ಹೋಲುವ ಗೆರೆಗಳು, ಆದರೆ ಕವಳ ಒತ್ತರಿಸುವ ಒಂದೇ ಬದಿಯಲ್ಲಿ. ಕವಳ ಬಿಟ್ಟರೆ ಇವು ಕಡಿಮೆಯಾಗಬಹುದು.

5. ಸಬ್‌ಮ್ಯೂಕಸ್ ಫೈಬ್ರೋಸಿಸ್: ಕೆನ್ನೆ ಬಿಳಿಚಿಕೊಂಡು, ಒಳಗೆ ನಾರು ಕಟ್ಟಿದಂತೆ ಬಿಗಿದು, ಬಾಯಿ ತೆರೆಯುವುದು ಕಷ್ಟವಾಗುತ್ತಾ ಬರುತ್ತದೆ. ಅಡಿಕೆ ಅಗಿಯುವುದೇ ಇದಕ್ಕೆ ಮುಖ್ಯ ಕಾರಣ. ನಿಮ್ಮ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಮುಂದಲ್ಲುಗಳ ನಡುವೆ ಇಟ್ಟು ನೋಡಿರಿ. ಹಿಡಿಸದಿದ್ದರೆ ವೈದ್ಯರಿಗೆ ತೋರಿಸಬೇಕು.

6. ಪೆಂಫಿಗಸ್: ಇದೂ ಸ್ವಯಂ ನಿರೋಧಕ ರೋಗವೇ. ಬಾಯಿಯಲ್ಲಿ ಮಾಯದ ಹುಣ್ಣು, ಮೈಮೇಲೆ ನೀರುಗುಳ್ಳೆ ಎದ್ದು ಒಡೆಯುವುದು. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಾಪಾಯವಿದೆ.

ಈ ಪಟ್ಟಿ ಕೊಟ್ಟಿರುವುದು ನೀವೇ ರೋಗ ನಿರ್ಧರಿಸಲಿ ಎಂದಲ್ಲ. ಒಂದನ್ನು ಇನ್ನೊಂದೆಂದು ಭಾವಿಸುವುದು ಎಷ್ಟು ಸುಲಭವೆಂದು ತೋರಿಸಲು. ನಿಶ್ಚಯವಾಗಿ ತಿಳಿಯಲು ವೈದ್ಯರು ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಇದೆ. ಈ ಭಯದಿಂದ ಪರೀಕ್ಷೆ ತಪ್ಪಿಸಿಕೊಂಡವರಿಗೇ ನಷ್ಟ.

ಅಡಿಕೆಯ ಪ್ರಶ್ನೆ

ಈಗ ಮೊದಲು ಹೇಳಿದ ವಿಶೇಷ ಕಾರಣಕ್ಕೆ ಬರೋಣ. ಲೈಕೆನ್ ಪ್ಲಾನಸ್ ರೋಗಕ್ಕೆ ಅಡಿಕೆ ಕಾರಣವೆಂದು ಯಾರೂ ಹೇಳಿಲ್ಲ. ಎಲೆಯಡಿಕೆಯನ್ನು ಮುಟ್ಟದ ದೇಶಗಳಲ್ಲೂ ಇದು ಇದೆ. ಆದರೆ ಬಾಯಿಯ ಲೈಕೆನ್ ಪ್ಲಾನಸ್ಸನ್ನು ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರಿಗೆ ತಿರುಗುವ ಸಂಭವವುಳ್ಳ ತೊಂದರೆಗಳ ಸಾಲಿನಲ್ಲಿ ಇಟ್ಟಿದೆ. ಈ ಸಂಭವ ದೊಡ್ಡದಲ್ಲ. ನೂರು ರೋಗಿಗಳಲ್ಲಿ ವರ್ಷಗಳ ಅವಧಿಯಲ್ಲಿ ಸುಮಾರು ಒಬ್ಬರಿಗೆ. ಕೆಂಪಾಗಿ ಸವೆದ ಬಗೆಯಲ್ಲಿ, ಮತ್ತು ತಂಬಾಕು, ಮದ್ಯ ಬಳಸುವವರಲ್ಲಿ ಇದು ಹೆಚ್ಚು.

ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ, ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಈ ಮಾತು ನಮಗೆ ಹಿತವಾದುದಲ್ಲ. ನಮ್ಮ ಮಕ್ಕಳ ಓದು, ಮನೆಯ ಮಾಡು, ಸಂಘದ ವಹಿವಾಟು ಎಲ್ಲವೂ ಈ ಬೆಳೆಯ ಮೇಲೆ ನಿಂತಿವೆ. ದೇವರ ಪೂಜೆ, ಮದುವೆ, ಮುಂಜಿ ಯಾವುದೂ ಅಡಿಕೆ ಇಲ್ಲದೆ ನಡೆಯದು. ವರದಿಯ ಬಗ್ಗೆ ಬೆಳೆಗಾರರ ಸಂಘಟನೆಗಳು ಎತ್ತುವ ಪ್ರಶ್ನೆಗಳೂ ನಮಗೆ ತಿಳಿದಿವೆ. ಅದು ಸಭೆಗಳಲ್ಲಿ, ಸರಕಾರದ ಮುಂದೆ ನಡೆಯಬೇಕಾದ ಚರ್ಚೆ. ಆದರೆ ಬಾಯಿಯಲ್ಲಿ ಆಗಲೇ ಮಾಯದ ಗಾಯವಿಟ್ಟುಕೊಂಡ ನಮ್ಮ ಸದಸ್ಯರೊಬ್ಬರು ಕವಳ ಹಾಕಬಹುದೇ ಎಂದು ಕೇಳಿದರೆ, ಬೆಲೆಯ ಲೆಕ್ಕವನ್ನು ಪಕ್ಕಕ್ಕಿಟ್ಟು ನೇರ ಉತ್ತರ ಕೊಡಬೇಕಾದದ್ದು ನಮ್ಮ ಕರ್ತವ್ಯ. ಉತ್ತರ ಇದು: ಬೇಡ. ಸುಣ್ಣ ಗಾಯವನ್ನು ಸುಡುತ್ತದೆ, ಅಡಿಕೆಯ ಒರಟು ಚೂರು ಪೊರೆಯನ್ನು ಕೆರೆಯುತ್ತದೆ, ಹೊಗೆಸೊಪ್ಪು ಅಪಾಯವನ್ನು ಏರಿಸುತ್ತದೆ. ಅದಲ್ಲದೆ ಕವಳದ ಕೆಂಪು ಮತ್ತು ಕಲೆಗಳ ನಡುವೆ ರೋಗದ ಬದಲಾವಣೆಯನ್ನು ವೈದ್ಯರೂ ಗುರುತಿಸಲಾರರು. ತೋಟದಲ್ಲಿ ಅಡಿಕೆ ಬೆಳೆಯುವುದಕ್ಕೂ ಗಾಯವಿರುವ ಬಾಯಿಗೆ ಅದನ್ನು ಹಾಕದಿರುವುದಕ್ಕೂ ವಿರೋಧವೇನೂ ಇಲ್ಲ. ತಾಂಬೂಲವನ್ನು ಕೈಯೊಡ್ಡಿ ಸ್ವೀಕರಿಸಿ ಕಣ್ಣಿಗೊತ್ತಿಕೊಂಡು ಇಟ್ಟರೆ ಮರ್ಯಾದೆಗೆ ಕುಂದಿಲ್ಲ.

ಚಿಕಿತ್ಸೆ

ರೋಗವನ್ನು ಬೇರುಸಹಿತ ಕಿತ್ತೊಗೆಯುವ ಮದ್ದು ಇಲ್ಲ. ಹತೋಟಿಯಲ್ಲಿಡುವ ಮದ್ದುಗಳು ಇವೆ, ಮತ್ತು ಅವು ಚೆನ್ನಾಗಿ ಕೆಲಸ ಮಾಡುತ್ತವೆ. ನೋವಿಲ್ಲದ ಬರೀ ಬಿಳಿ ಗೆರೆಗೆ ಬಹುಪಾಲು ಔಷಧಿಯೇ ಬೇಡ. ಕಾಲಕಾಲಕ್ಕೆ ತೋರಿಸಿಕೊಂಡಿದ್ದರೆ ಸಾಕು.

ಉರಿ, ಹುಣ್ಣು ಇದ್ದವರಿಗೆ ಮೊದಲ ಔಷಧಿ ಸ್ಟೀರಾಯ್ಡ್ ಮುಲಾಮು ಅಥವಾ ಬಾಯಿ ಮುಕ್ಕಳಿಸುವ ದ್ರಾವಣ. ಮುಲಾಮನ್ನು ಊಟವಾಗಿ, ಹಲ್ಲುಜ್ಜಿದ ಮೇಲೆ, ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಿ ತೆಳ್ಳಗೆ ಹಚ್ಚಬೇಕು. ಮುಂದಿನ ಅರ್ಧ ಗಂಟೆ ನೀರನ್ನೂ ಕುಡಿಯಬಾರದು. ಮುಕ್ಕಳಿಸುವ ದ್ರಾವಣವನ್ನು ವೈದ್ಯರು ಹೇಳಿದಷ್ಟು ಹೊತ್ತು ಬಾಯಲ್ಲಿಟ್ಟು ಉಗುಳಬೇಕು, ನುಂಗಬಾರದು. ಇದರ ನಡುವೆ ಮೊಸರಿನ ಕೆನೆಯಂತಹ ಪದರ ಕಂಡರೆ ಬೂಷ್ಟು ಸೋಂಕು ಸೇರಿಕೊಂಡಿದೆ ಎಂದು ತಿಳಿದು ವೈದ್ಯರಿಗೆ ಹೇಳಿರಿ.

ಚರ್ಮಕ್ಕೆ ಹಚ್ಚುವ ಮುಲಾಮಿನ ಅಳತೆಗೆ ಸುಲಭ ಉಪಾಯವಿದೆ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಬೋರ್ಡೋ ದ್ರಾವಣವನ್ನು ಅಳತೆ ಮೀರಿ ಗಟ್ಟಿ ಮಾಡಿದರೆ ಲಾಭವಿಲ್ಲವೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳಿಂದ ಹತೋಟಿಗೆ ಬಾರದಿದ್ದರೆ ಟ್ಯಾಕ್ರೋಲಿಮಸ್ ಎಂಬ ಮುಲಾಮು, ಬೆಳಕಿನ ಚಿಕಿತ್ಸೆ, ಕೆಲಕಾಲ ನುಂಗುವ ಸ್ಟೀರಾಯ್ಡ್ ಮಾತ್ರೆ ಮುಂತಾದುವನ್ನು ತಜ್ಞರು ಕೊಡುತ್ತಾರೆ. ನುಂಗುವ ಸ್ಟೀರಾಯ್ಡಿನಿಂದ ಸಕ್ಕರೆ, ರಕ್ತದೊತ್ತಡ ಏರಬಹುದು. ಕೆಲವು ವಾರ ನುಂಗಿದ ಮೇಲೆ ತಟ್ಟನೆ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು.

ಮಳೆಗಾಲದಲ್ಲಿ ತೊಡೆಸಂದಿಯ ಹುಳುಕಡ್ಡಿಗೆಂದು ಪೇಟೆಯಿಂದ ತಂದ ಮಿಶ್ರ ಮುಲಾಮನ್ನು ಮನೆಮಂದಿಯೆಲ್ಲ ಹಚ್ಚುವ ರೂಢಿ ನಮ್ಮಲ್ಲಿದೆ. ಅವುಗಳಲ್ಲಿ ಅನೇಕವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಲೈಕೆನ್ ಪ್ಲಾನಸ್ಸಿಗೆ ಮದ್ದಾದದ್ದು ಹುಳುಕಡ್ಡಿಗೆ ಗೊಬ್ಬರವಾಗುತ್ತದೆ. ತುರಿಕೆ ತಾತ್ಕಾಲಿಕವಾಗಿ ನಿಂತು, ಸೋಂಕು ಒಳಗೊಳಗೇ ಹಬ್ಬುತ್ತದೆ. ಆದುದರಿಂದ ಒಬ್ಬರ ಚೀಟಿಯ ಮುಲಾಮನ್ನು ಇನ್ನೊಬ್ಬರು ಹಚ್ಚಕೂಡದು.

ಮನೆಯಲ್ಲಿ ಪಾಲಿಸಬೇಕಾದ ಕ್ರಮ

ರೋಗ ಕೆರಳಿದ ದಿನಗಳಲ್ಲಿ ಸೂಜಿಮೆಣಸು, ಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ, ನಿಂಬೆ, ಗರಿಗರಿಯಾದ ಹಪ್ಪಳ, ಕುದಿಯುವ ಕಾಫಿ ಇವುಗಳನ್ನು ಬಿಡಬೇಕು. ಕಾಫಿ ಬೆಳೆಗಾರರಿಗೆ ಕಾಫಿಯನ್ನೇ ಬಿಡಿ ಎನ್ನುವುದಿಲ್ಲ. ಆರಿಸಿ ಕುಡಿದರೆ ಆಯಿತು. ಗಂಜಿ, ಹಾಲನ್ನ, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಮಾಡಿದ ಖಾರವಿಲ್ಲದ ತಂಬುಳಿ, ಬೇಯಿಸಿದ ತರಕಾರಿ ಹಿತ.

ವಸಡು ಉರಿಯುತ್ತದೆಂದು ಹಲ್ಲುಜ್ಜುವುದನ್ನು ಬಿಟ್ಟವರಿಗೆ ರೋಗ ಇಮ್ಮಡಿಸುತ್ತದೆ. ಮೆತ್ತನೆಯ ಬ್ರಷ್, ಖಾರ ಕಡಿಮೆ ಇರುವ ಪೇಸ್ಟು ಬಳಸಿರಿ. ಇದ್ದಲು, ಉಪ್ಪು, ಒರಟು ಪುಡಿಗಳು ಬೇಡ. ಕೆನ್ನೆಗೆ ತಾಗುವ ಮುರಿದ ಹಲ್ಲಿದ್ದರೆ ನುಣುಪು ಮಾಡಿಸಿರಿ. ಉಗುರು ಗಿಡ್ಡಗಿರಲಿ. ತೋಟದ ಕೆಲಸಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಇರಲಿ.

ತಿಂಗಳಿಗೊಮ್ಮೆ, ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಎರಡು ಕೆನ್ನೆ, ನಾಲಗೆಯ ಎರಡು ಅಂಚು, ನಾಲಗೆಯ ಕೆಳಭಾಗ, ವಸಡು ನೋಡಿಕೊಳ್ಳಿರಿ. ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಒಂದು ಸಾಲು ಬರೆದಿಟ್ಟರೆ ಯಾವ ಆಹಾರಕ್ಕೆ, ಯಾವ ಮಾತ್ರೆಗೆ ರೋಗ ಕೆರಳಿತೆಂಬುದು ತಿಳಿಯುತ್ತದೆ. ನೋವಿರಲಿ ಇಲ್ಲದಿರಲಿ, ಆರು ತಿಂಗಳಿಗೊಮ್ಮೆ, ಕಡೇಪಕ್ಷ ವರ್ಷಕ್ಕೊಮ್ಮೆ ವೈದ್ಯರಿಗೆ ಬಾಯಿ ತೋರಿಸುವುದು ಕಡ್ಡಾಯ.

ತಡಮಾಡಬಾರದ ಸಂದರ್ಭಗಳು

ಎರಡು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿಯಾಗಿ ಕೈಗೆ ಸಿಗುವ ಗಂಟು, ತಾನಾಗಿ ರಕ್ತ ಒಸರುವ ಜಾಗ, ಬಾಯಿ ತೆರೆಯಲು, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ, ಮೈಮೇಲೆ ನೀರುಗುಳ್ಳೆ. ಇವುಗಳಲ್ಲಿ ಒಂದು ಕಂಡರೂ ಕೊಯ್ಲು ಮುಗಿಯಲಿ, ಅಡಿಕೆ ಸುಲಿದಾಗಲಿ ಎಂದು ಕಾಯಬಾರದು. ಶಿವಮೊಗ್ಗ, ಹಾಸನ, ಮಡಿಕೇರಿ, ಕಾರವಾರಗಳ ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ದಂತವೈದ್ಯ ಕಾಲೇಜುಗಳಲ್ಲೂ ಬಾಯಿಯ ಪೊರೆಯ ರೋಗಗಳನ್ನು ನೋಡುತ್ತಾರೆ.

ಬೇರುಹುಳ ಬಿದ್ದ ತೋಟವನ್ನು ನಾವು ಮಾರಿಬಿಡುವುದಿಲ್ಲ. ವರ್ಷ ವರ್ಷ ನೋಡಿಕೊಂಡು ಫಸಲು ತೆಗೆಯುತ್ತೇವೆ. ಈ ರೋಗದ ಜೊತೆಗೂ ಹಾಗೆಯೇ ಬಾಳಬಹುದು. ಅದಕ್ಕೆ ಬೇಕಾದದ್ದು ಸರಿಯಾದ ಗುರುತು, ತಪ್ಪದ ತಪಾಸಣೆ, ಮತ್ತು ಬಾಯಿಗೆ ಏನು ಹಾಕಬೇಕು, ಏನು ಬೇಡ ಎಂಬ ವಿವೇಕ. ಸದಸ್ಯರು ಈ ಲೇಖನವನ್ನು ಮನೆಯ ಹೆಂಗಸರಿಗೂ ತೋಟದ ಕೆಲಸದವರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.